ಸುಮ್ಮನಿರೋದು ಸುಳ್ಳೇ?

ನಾನು ಓದಿದ್ದು ಏಳನೇ ಕ್ಲಾಸು. ಬೇಸಾಯ ಮಾಡ್ತೀನಿ, ಹಬ್ಬ ಜಾತ್ರೆಯಲ್ಲಿ ಪದ ಹೇಳ್ತೀನಿ. ನಮ್ಮ ವೆಳ್ಳಕೋಯಿಲ್ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು. ತಿಳಿದಷ್ಟು ಬರೀತೀನಿ.

ಹೋದ ವರ್ಷ ಮೊಮ್ಮಗನಿಗೆ 11 ತುಂಬಿತು. ಅವನ ಹತ್ರ ಟೀವಿಗೆ ಸಿಕ್ಕಿಸಿ ಆಡೋ ಪ್ಲೇಸ್ಟೇಷನ್ 4 ಇದೆ. ಒಂದು ಆಟದ ಡಿಸ್ಕ್ ಕೊಡಿಸೋಣ ಅಂತ ತಿರುಪ್ಪೂರಿನ ಅಂಗಡಿಗೆ ಹೋದೆ. ‘ಐದರದ್ದೇ ಹೊಸದು, ಅದೇ ಚೆನ್ನ’ ಅಂತ ಊರಲ್ಲಿ ಯಾರೋ ಹೇಳಿದ್ದರು. 5 ಅಂತಿದ್ದ ಡಬ್ಬಿ ಎತ್ತಿಕೊಂಡೆ. ಅದರ ಮೇಲೆ 18 ಅಂತಲೂ ಇತ್ತು. ಒಳಗೆ ಹದಿನೆಂಟು ಆಟ ಇದಾವೆ, ಲಾಭವಾಯಿತು ಅಂದುಕೊಂಡೆ.

ಅಂಗಡಿ ಹುಡುಗ ದುಡ್ಡು ತಗೊಳ್ಳದೆ, “ಅಯ್ಯಾ, ಮನೇಲಿ ಯಾವ ಮಿಷನ್ ಇದೆ? ಯಾರಿಗೆ?” ಅಂದ. ನನಗೆ ರೇಗಿತು. “ದುಡ್ಡು ಕೊಡೋನು ನಾನು, ಸುಮ್ಮನೆ ಕೊಡಪ್ಪ” ಅಂದೆ. ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ಐದರ ಡಿಸ್ಕು ನಾಲ್ಕರಲ್ಲಿ ಓಡೋದಿಲ್ಲ. 18 ಅನ್ನೋದು ವಯಸ್ಸು. ಯೂರೋಪಿನವರು 2003ರಿಂದ 3, 7, 12, 16, 18 ಅಂತ ಹಾಕ್ತಾರಂತೆ. ನಾನು ಹಿಡಿದಿದ್ದರಲ್ಲಿ ಬರೀ ಕೊಲೆ, ರಕ್ತ. ಕೊನೆಗೆ ಅರ್ಧ ಬೆಲೆಯ ಕಾರಿನ ಆಟ ಕೊಟ್ಟ. ಅವನಿಗೆ ವ್ಯಾಪಾರ ಕಡಿಮೆಯಾಯ್ತು.

ಬಸ್ಸಿನಲ್ಲಿ ಬರುವಾಗ ನನ್ನದೇ ಒಂದು ವ್ಯಾಪಾರ ನೆನಪಾಯ್ತು. ಮೂರು ವರ್ಷದ ಹಿಂದೆ ಪೇಟೆಯವರೊಬ್ಬರು ನನ್ನ ಕಾಂಗೇಯಂ ಹಸು ನೋಡೋಕೆ ಬಂದಿದ್ದರು. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುತ್ತೆ ಅಂತ ಫೋನಿನಲ್ಲಿ ನೋಡಿದ್ದರಂತೆ. ಕಾಂಗೇಯಂ ತಳಿ ಗಾಡಿಗೆ, ನೇಗಿಲಿಗೆ ಹೆಸರಾದದ್ದು. ಹಾಲು ಎರಡೋ ಮೂರೋ ಲೀಟರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ದುಡ್ಡು ಎಣಿಸಿಕೊಂಡೆ. ‘ನಾನೇನು ಸುಳ್ಳು ಹೇಳಿದೆನಾ?’ ಅಂತ ಮನಸ್ಸಿಗೆ ಸಮಾಧಾನ ಮಾಡಿದ್ದೆ.

ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವಾಗ ಇಬ್ಬರೂ ದನ ಬಲ್ಲವರು. ಅಲ್ಲಿ ಸುಮ್ಮನಿರೋದು ಜಾಣತನ, ಇರಲಿ. ಆದರೆ ಎದುರಿನವನು ತಪ್ಪು ತಿಳಿದಿದ್ದಾನೆ ಅಂತ ನನಗೆ ಗೊತ್ತಿದ್ದು, ಆ ತಪ್ಪಿನಿಂದಲೇ ನನ್ನ ಚೀಲ ತುಂಬುವಾಗ? ಆಗ ಅವನಿಗೆ ಯಾರೋ ಹೇಳಿದ ಸುಳ್ಳಿಗೆ ನಾನು ಬೆಲೆ ವಸೂಲು ಮಾಡಿದ ಹಾಗೆ. ವಸ್ತುವಿನ ಗುಣ, ಬೆಲೆ ತಿಳಿಯೋದು ಗಿರಾಕಿಯ ಹಕ್ಕು ಅಂತ 2019ರ ಗ್ರಾಹಕರ ಕಾಯಿದೆಯಲ್ಲೂ ಇದೆ. ಆ ಹುಡುಗ ಕಾಯಿದೆ ನೋಡಿ ಹೇಳಿದನೋ ಇಲ್ಲವೋ, ಎದುರಿಗಿದ್ದ ಮುದುಕನನ್ನು ನೋಡಿಯೇ ಹೇಳಿದ ಅಂತ ನನ್ನ ನಂಬಿಕೆ.

ಗಿರಾಕಿಯ ತಪ್ಪೂ ಉಂಟು. ಗೊತ್ತಿಲ್ಲದ್ದು ತಪ್ಪಲ್ಲ, ಹೇಳಲು ಬಂದವನ ಮೇಲೆ ನಾನು ರೇಗಿದ್ದು ತಪ್ಪು. ಹಾಗೆ ರೇಗಿದರೆ ನಾಳೆ ನಿಜ ಹೇಳೋನೂ ಬಾಯಿ ಮುಚ್ಚಿಕೊಳ್ಳುತ್ತಾನೆ.

ಪುಣ್ಯಕೋಟಿಯ ಪದವನ್ನು ನಲವತ್ತು ವರ್ಷದಿಂದ ಹಾಡ್ತಿದ್ದೀನಿ. ಹುಲಿಗೆ ಕೊಟ್ಟ ಮಾತು ತಪ್ಪದ ಹಸುವಿನ ಕಥೆ ಹಾಡಿ, ಹಸು ಮಾರುವಾಗ ನಾನು ಬಾಯಿ ಮುಚ್ಚಿಕೊಂಡೆ. ಆ ಗಿರಾಕಿಯ ವಿಳಾಸ ನನ್ನ ಹತ್ರ ಇಲ್ಲ. ಈಗ ಕೊಟ್ಟಿಗೆಗೆ ಯಾರೇ ಬಂದರೂ, “ಯಾತಕ್ಕೆ ಬೇಕು ಸ್ವಾಮಿ?” ಅಂತ ಮೊದಲು ಕೇಳ್ತೀನಿ. ಇಬ್ಬರು ಕೊಳ್ಳದೆ ಹೋದರು. ಹೋಗಲಿ.