ಹೊಗೆಸೊಪ್ಪಿನ ದೋಣಿ

ಮಕ್ಕಳಿಗೆ ಯುದ್ಧದ ಕಥೆ ಹೇಳುವುದರಲ್ಲಿ ಒಂದು ಅಪಾಯವಿದೆ; ನಾವು ನಿಲ್ಲಿಸಬೇಕೆಂದ ಕಡೆ ಅವರು ನಿಲ್ಲಿಸಗೊಡುವುದಿಲ್ಲ. ನಾನು ಮೇಷ್ಟರಾಗಿದ್ದಾಗ ಅಮೆರಿಕದ ಅಂತರ್ಯುದ್ಧದ ಪ್ರಸಂಗವೊಂದನ್ನು ವರ್ಷವರ್ಷವೂ ಹೇಳುತ್ತಿದ್ದೆ.

1862ರ ಡಿಸೆಂಬರಿನಲ್ಲಿ ವರ್ಜೀನಿಯದ ಫ್ರೆಡರಿಕ್ಸ್‌ಬರ್ಗಿನಲ್ಲಿ ಘೋರ ಕಾಳಗವಾಯಿತು. ಸೋತ ಉತ್ತರದ ಸೈನ್ಯ ರಾಪಹಾನಕ್ ನದಿಯ ಈಚೆಗೆ ಮರಳಿತು. ದಕ್ಷಿಣದವರು ಆಚೆ ಉಳಿದರು. ಚಳಿಗಾಲವೆಲ್ಲ ಹಾಗೆಯೇ ಎದುರುಬದುರು ಬೀಡು. ಬೀಡೆಂದರೆ ಮರದ ದಿಮ್ಮಿ ಜೋಡಿಸಿ, ಸಂದಿಗೆ ಕೆಸರು ಮೆತ್ತಿ, ಮೇಲೆ ಡೇರೆಬಟ್ಟೆ ಹೊದಿಸಿದ ಗುಡಿಸಲು. ಬೆಳಗಾದರೆ ಹಾಜರಿ, ಕವಾಯತು, ಮತ್ತೆ ಕವಾಯತು. ಸೌದೆ, ನೀರು, ಕಾವಲು. ತಿನ್ನಲು ಕಲ್ಲಿನಂಥ ಬಿಸ್ಕತ್ತು. ಅದನ್ನು ಬಿಸಿ ಕಾಫಿಯಲ್ಲಿ ಅದ್ದಿದರೆ ಹುಳುಗಳು ಮೇಲೆ ತೇಲಿಬರುವುವು; ಚಮಚದಿಂದ ತೆಗೆದೆಸೆದು ಕಾಫಿ ಕುಡಿಯುತ್ತಿದ್ದರು. (ಕಾಫಿಯ ಮೋಹವೆಂದರೇನೆಂಬುದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.) ಆ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗುಂಡಿಗಲ್ಲ, ಭೇದಿ ಜ್ವರಗಳಿಗೆ ತುತ್ತಾದವರು.

ನದಿಯ ಕಾವಲಿಗೆ ಹೋದವನಿಗೆ ಎದುರು ದಡದಲ್ಲಿ ತನ್ನಂತೆಯೇ ನಡುಗುತ್ತಿರುವ ಇನ್ನೊಬ್ಬ ಕಾಣುತ್ತಿದ್ದ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಅಲ್ಲಿ ಕಾಫಿಗೆ ಬರ. ಹೊಗೆಸೊಪ್ಪು ಮಾತ್ರ ಯಥೇಚ್ಛ. ಈಚೆಯವರು ಮರದ ಚೂರಿನಿಂದ ಪುಟ್ಟ ದೋಣಿ ಮಾಡಿ, ಪಟ ಕಟ್ಟಿ, ಕಾಫಿಯನ್ನೋ ಪತ್ರಿಕೆಯನ್ನೋ ಇಟ್ಟು ತೇಲಿಬಿಡುವರು. ದೋಣಿ ಹೊಗೆಸೊಪ್ಪು ಹೊತ್ತು ಮರಳುವುದು. ಅಧಿಕಾರಿಗಳು ನಿಷೇಧಿಸಿದರೂ ಈ ವ್ಯಾಪಾರ ನಿಲ್ಲಲಿಲ್ಲ.

ಇಲ್ಲಿಗೆ ನಾನು ಕಥೆ ಮುಗಿಸುತ್ತಿದ್ದೆ. ಒಂದು ವರ್ಷ ಹುಡುಗನೊಬ್ಬ ಎದ್ದು, “ಆಮೇಲೆ ಅವರು ಹೊಡೆದಾಡಲಿಲ್ಲವೆ, ಸಾರ್?” ಎಂದ. ಹೊಡೆದಾಡಿದರು. 1863ರ ಮೇ ತಿಂಗಳಲ್ಲಿ, ಸಮೀಪದ ಚಾನ್ಸಲರ್ಸ್‌ವಿಲ್ಲಿನಲ್ಲಿ, ಅವೇ ಸೈನ್ಯಗಳು. “ಹಾಗಾದರೆ ದೋಣಿಯ ಸ್ನೇಹ ಸುಳ್ಳೆ?” ಸುಳ್ಳಲ್ಲ, ಕುರುಕ್ಷೇತ್ರದಲ್ಲಿಯೂ ದಿನದ ಯುದ್ಧ ಮುಗಿದ ಮೇಲೆ ಪ್ರೀತಿಯಿಂದಿರಬೇಕೆಂಬ ಕಟ್ಟಳೆಯಿತ್ತಲ್ಲವೆ, ಎಂದು ಏನೋ ಸಮಾಧಾನ ಹೇಳಿ ಕೂರಿಸಿದೆ. ಆ ಕಾವಲುಗಾರರಿಬ್ಬರೂ ಅಂದೇ ಬಂದೂಕು ಬಿಸುಟು ಮನೆಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತೆಂದು ಬಹುಕಾಲ ನಂಬಿದ್ದೆ.

ಆದರೆ ಆ ಹೊಗೆಸೊಪ್ಪನ್ನು ಬೆಳೆದವರು ಯಾರು? ಇಷ್ಟು ವರ್ಷ ನಾನು ಕೇಳಿಕೊಳ್ಳದ ಪ್ರಶ್ನೆ ಇದು. ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಅದೇ 1862ರಲ್ಲಿ, ಅದೇ ನದಿಯನ್ನು ದಾಟಿ, ಅಂಥವರು ಸಾವಿರಾರು ಮಂದಿ ಉತ್ತರದ ಸೈನ್ಯದ ಆಶ್ರಯಕ್ಕೆ ಓಡಿಬಂದಿದ್ದರು. ಅವರನ್ನು ಯಾವ ಆಟದ ದೋಣಿಯೂ ದಾಟಿಸಲಿಲ್ಲ. ಆ ಚಳಿಗಾಲದ ನಡುವೆಯೇ, 1863ರ ಜನವರಿ 1ರಂದು, ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಲಿಂಕನ್ ಘೋಷಿಸಿದ. ಸೈನಿಕರಿಬ್ಬರು ಕೈಕುಲುಕಿ ಮನೆಗೆ ಹೋಗಿದ್ದರೆ ಆ ಘೋಷಣೆ ಬರಿಯ ಕಾಗದವಾಗುತ್ತಿತ್ತು.

ಹಾಗೆಂದು, ಗುಂಡು ಹಾರಿಸಿದವನೇ ಸರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಗುಲಾಮನಿಗಾಗಿ ಹೋರಾಡಲು ಬಂದವರಲ್ಲ. ಚಳಿಯಲ್ಲಿ ಕಾಫಿ ಕಳಿಸಿದವನ ಕೈ ಒಳ್ಳೆಯ ಕೈಯೇ. ಆ ಒಳ್ಳೆಯತನಕ್ಕೆ ದಡದಲ್ಲಿ ನಿಂತ ಇಬ್ಬರು ಕಂಡರು, ಹೊಲದಲ್ಲಿ ಬಗ್ಗಿದ್ದ ಮೂರನೆಯವನು ಕಾಣಲಿಲ್ಲ. ಕಥೆ ಹೇಳಿದ ನನಗೂ ಕಂಡಿರಲಿಲ್ಲ.

ಈಗ ಮೊಮ್ಮಕ್ಕಳಿಗೆ ಹೇಳುವಾಗ ಹೊಗೆಸೊಪ್ಪಿನ ಹೊಲದಿಂದ ಆರಂಭಿಸುತ್ತೇನೆ. ದೋಣಿ ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಚಿಕ್ಕವನಿಗೆ ನಿದ್ದೆ ಬಂದಿರುತ್ತದೆ.