ತ್ಯಾಗಪತ್ರವೂ ವಾಸದ ಹಕ್ಕೂ

ಪರದೇಶದ ಪ್ರಜೆಯೊಬ್ಬನನ್ನು ಮದುವೆಯಾಗಿ ಅವನ ದೇಶಕ್ಕೆ ಹೋದ ಹೆಂಗಸು, ಆ ಮದುವೆಯು ನ್ಯಾಯಸ್ಥಾನದ ತೀರ್ಪಿನಿಂದ ಮುರಿದುಹೋದ ತರುವಾಯ ಅದೇ ದೇಶದಲ್ಲಿ ನೆಲೆಯಾಗಿರುವದು ನ್ಯಾಯವೋ ಅನ್ಯಾಯವೋ? ಗಂಡನ ಮೂಲಕ ದೊರೆತ ವಾಸದ ಹಕ್ಕನ್ನು ಗಂಡನಿಲ್ಲದೆ ಇಟ್ಟುಕೊಳ್ಳುವವಳು ಪರರ ಸೊತ್ತನ್ನು ಇಟ್ಟುಕೊಂಡವಳಾಗುತ್ತಾಳೋ? ಈ ಪ್ರಶ್ನೆಯನ್ನು ಕುರಿತು ಈ ಸಾರಿ ವಿಚಾರಿಸೋಣ.

ಇದು ಪಟ್ಟಣದವರ ಮಾತು, ಹೊಲಮನೆಯವರಾದ ನಮಗೇಕೆ ಎಂದು ಯಾರೂ ನೆನಸಬಾರದು. ಹಿಂದಿನ ಕಾಲದಲ್ಲಿ ಹರಿಹರದ ಹೆಣ್ಣನ್ನು ತುಂಗಭದ್ರೆಯ ಆಚೆ ರಾಣೆಬೆನ್ನೂರ ಕಡೆಗೆ ಕೊಟ್ಟರೆ, ದೂರ ಕೊಟ್ಟೆವೆಂದು ತಾಯಿಯು ಕಣ್ಣೀರಿಡುತ್ತಿದ್ದಳು. ದಾವಣಗೆರೆಯಲ್ಲಿ ೧೯೫೧ರಲ್ಲಿ ಇಂಜಿನಿಯರಿಂಗ್ ಕಾಲೇಜೂ ೧೯೬೫ರಲ್ಲಿ ವೈದ್ಯಕೀಯ ಕಾಲೇಜೂ ಹುಟ್ಟಿದ ಮೇಲೆ ದೂರವೆಂಬ ಮಾತಿನ ಅರ್ಥವೇ ಬೇರೆಯಾಯಿತು. ಅಂಥ ಕಡೆಗಳಲ್ಲಿ ಓದಿದವರು ಕೆಲವರು ಸಮುದ್ರ ದಾಟಿ, ಅಮೇರಿಕದಲ್ಲಿ ಹತ್ತಿಪ್ಪತ್ತು ವರುಷ ದುಡಿದು, ಅಲ್ಲಿಯ ಪ್ರಜೆಗಳಾಗಿ, ಹೆಣ್ಣು ನೋಡುವದಕ್ಕೆ ಮಾತ್ರ ಊರಿಗೆ ಬರುತ್ತಾರೆ. ಮದುವೆ ಸರಸ್ವತಿ ನಗರದಲ್ಲಿ ನಡೆದರೂ ಹುಡುಗಿಯ ಅಜ್ಜ ಅಜ್ಜಿಯರು ಹಳ್ಳಿಯಲ್ಲಿದ್ದಾರೆ. ಮದುವೆ ಮುರಿದ ಸುದ್ದಿ ಬಂದಾಗ ತೀರ್ಪು ಹೇಳುವವರೂ ಹಳ್ಳಿಯ ಕಟ್ಟೆಯ ಮೇಲೆಯೇ ಕೂತಿರುತ್ತಾರೆ. ಆ ತೀರ್ಪು ಎರಡು ವಿಧವಾಗಿ ಹೊರಡುವದುಂಟು. ಒಬ್ಬನು, “ಗಂಡನೇ ಬೇಡವಾದ ಮೇಲೆ ಗಂಡನ ದೇಶ ಯಾಕೆ? ನಾಚಿಕೆಯಿದ್ದರೆ ತಿರುಗಿ ಬರಲಿ” ಅನ್ನುತ್ತಾನೆ. ಮತ್ತೊಬ್ಬನು, “ಕಾರ್ಡು ಸಿಕ್ಕಿದೆಯಲ್ಲಾ, ಹೇಗಾದರೂ ಮಾಡಿ ಉಳಿಸಿಕೊಳ್ಳಲಿ, ಸತ್ಯಾಸತ್ಯವನ್ನು ಅಲ್ಲಿ ಯಾರು ನೋಡುತ್ತಾರೆ?” ಅನ್ನುತ್ತಾನೆ. ಮೊದಲಿನವನಲ್ಲಿ ಕರುಣೆ ಇಲ್ಲ, ಎರಡನೆಯವನಲ್ಲಿ ಸತ್ಯವಿಲ್ಲ.

ಮದುವೆಯನ್ನು ಮುರಿಯುವದು ಸರಿಯೋ ಎಂಬದು ಒಂದು ಪ್ರಶ್ನೆ. ಮುರಿದ ಮೇಲೆ ಅಲ್ಲಿ ನಿಲ್ಲುವದು ಮೋಸವೋ ಎಂಬದು ಬೇರೊಂದು. ಮದುವೆಯನ್ನು ಮನುಷ್ಯರು ಅಗಲಿಸಬಾರದೆಂದು ಕಲಿತ ನಾವು ಮೊದಲನೆಯದರ ಮೇಲಣ ಸಿಟ್ಟನ್ನು ಎರಡನೆಯದರ ಮೇಲೆ ತೀರಿಸಿಕೊಳ್ಳುವದುಂಟು. ಹಾಗೆ ಮಾಡಿದರೆ ಎರಡಕ್ಕೂ ಉತ್ತರ ಸಿಕ್ಕದು.

ಅಮೇರಿಕದ ಕಾನೂನು ಈ ವಿಷಯದಲ್ಲಿ ಏನು ಕೇಳುತ್ತದೆಂಬದನ್ನು ತಿಳಿಯುವದು ಪ್ರಯೋಜನಕರ. ಹಣಕ್ಕಾಗಿ ಸುಳ್ಳು ಮದುವೆ ಮಾಡಿಕೊಂಡು ಬರುವವರನ್ನು ತಡೆಯುವದಕ್ಕೋಸ್ಕರ ೧೯೮೬ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ವಾಸದ ಹಕ್ಕು ದೊರೆಯುವ ದಿನದಲ್ಲಿ ಮದುವೆಯಾಗಿ ಎರಡು ವರುಷ ತುಂಬದಿದ್ದರೆ, ಪರದೇಶದಿಂದ ಬಂದವಳಿಗೆ ಎರಡೇ ವರುಷದ ಷರತ್ತಿನ ಕಾರ್ಡು ಕೊಡಲ್ಪಡುತ್ತದೆ. ಆ ಎರಡು ವರುಷದ ಕೊನೆಯ ೯೦ ದಿನಗಳಲ್ಲಿ ಗಂಡಹೆಂಡಿರಿಬ್ಬರೂ ಕೂಡಿ ಅರ್ಜಿಗೆ ಸಹಿ ಮಾಡಿದರೆ ಷರತ್ತು ತೆಗೆಯಲ್ಪಡುವದು. ಅಷ್ಟರಲ್ಲಿ ಮದುವೆ ಮುರಿದರೆ ಗತಿಯೇನು? ಆಗ ಅವಳು ಒಬ್ಬಳೇ ಅರ್ಜಿ ಹಾಕಬಹುದು. ಆ ೯೦ ದಿನಗಳಿಗೆ ಕಾಯಬೇಕಾದದ್ದೂ ಇಲ್ಲ. ವಿಚ್ಛೇದನದ ಅಂತಿಮ ತೀರ್ಪಿನ ಪ್ರತಿಯನ್ನು ಕೂಡಿಸಬೇಕು, ಮತ್ತು ತಾನು ಮದುವೆಯಾದದ್ದು ನಿಜವಾದ ಮನಸ್ಸಿನಿಂದಲೇ, ಕಾರ್ಡಿಗಾಗಿ ಅಲ್ಲ, ಎಂದು ತೋರಿಸಬೇಕು. ಸಾಕ್ಷಿಯ ಭಾರವು ಅವಳ ಮೇಲೆಯೇ ಇರುವದು. ಇಬ್ಬರ ಹೆಸರಿನ ಬಾಡಿಗೆ ಪತ್ರ, ಬ್ಯಾಂಕಿನ ಲೆಕ್ಕ, ಕೂಡಿ ಕೊಟ್ಟ ತೆರಿಗೆಯ ಕಾಗದ, ವಿಮೆ, ಮಕ್ಕಳ ಜನನಪತ್ರ, ಇಬ್ಬರನ್ನೂ ಬಲ್ಲವರ ಪ್ರಮಾಣಪತ್ರ, ಇಂಥವುಗಳನ್ನು ಮುಂದಿಡಬೇಕು. ಅರ್ಜಿ ತಿರಸ್ಕರಿಸಲ್ಪಟ್ಟರೆ ವಲಸೆಯ ನ್ಯಾಯಾಧಿಪತಿಯ ಮುಂದೆ ಮತ್ತೊಂದಾವರ್ತಿ ಹೇಳಿಕೊಳ್ಳುವದಕ್ಕೆ ಎಡೆಯುಂಟು. ಹಕ್ಕು ಸಿಕ್ಕುವಾಗಲೇ ಮದುವೆಗೆ ಎರಡು ವರುಷ ದಾಟಿದ್ದರೆ ಹತ್ತು ವರುಷದ ಕಾರ್ಡು ಬರುತ್ತದೆ. ತರುವಾಯ ಮದುವೆ ಮುರಿಯಿತೆಂಬ ಮಾತ್ರಕ್ಕೆ ಅದು ಹೋಗುವದಿಲ್ಲ. ಪ್ರಜೆಯಾಗುವದಕ್ಕೆ ಮೂರು ವರುಷಕ್ಕೆ ಬದಲಾಗಿ ಐದು ವರುಷ ಕಾಯಬೇಕಾಗುವದು, ಅಷ್ಟೆ.

ಆ ಕಾಯಿದೆಯು, ಮದುವೆ ಎಷ್ಟು ಕಾಲ ಬಾಳಿತು ಎಂದು ಕೇಳುವದಿಲ್ಲ. ಯಾವ ಮನಸ್ಸಿನಿಂದ ಆರಂಭವಾಯಿತು ಎಂದು ಕೇಳುತ್ತದೆ. ನಮ್ಮ ಹಳ್ಳಿಯ ಕಟ್ಟೆಯು ಕೊನೆಯನ್ನು ನೋಡಿ ಮೊದಲನ್ನು ತೀರ್ಮಾನಿಸುತ್ತದೆ. ಯಾವದು ಸರಿ? ಒಬ್ಬನು ಒಳ್ಳೇ ಬೀಜವನ್ನು ತಂದು, ಹದನೋಡಿ ಮೆಕ್ಕೆಜೋಳ ಬಿತ್ತಿದನು. ಮಳೆ ಕೈಕೊಟ್ಟಿತು, ಪೈರು ಒಣಗಿತು. ಅವನನ್ನು ಯಾರಾದರೂ ಮೋಸಗಾರನೆಂದು ಕರೆದಾರೋ? ಮತ್ತೊಬ್ಬನು ಬಿತ್ತುವ ಮನಸ್ಸೇ ಇಲ್ಲದೆ, ಸೊಸಾಯಿಟಿಯ ಸಾಲಕ್ಕಾಗಿ ಮಾತ್ರ ಕೂರಿಗೆ ಆಡಿಸಿ ಹೊಟ್ಟನ್ನು ಚೆಲ್ಲಿದನು. ಬೇಸಿಗೆಯಲ್ಲಿ ಎರಡು ಹೊಲಗಳೂ ಒಂದೇ ರೀತಿ ಬರಿದಾಗಿ ಕಾಣುತ್ತವೆ. ಆದರೂ ಎರಡೂ ಒಂದಲ್ಲ. ನಿಜವಾಗಿ ಕೊಟ್ಟ ಮಾತು ಮುಂದೆ ಮುರಿದುಬಿದ್ದರೆ ದುಃಖವುಂಟು, ಅನೇಕ ಸಾರಿ ಪಾಪವೂ ಉಂಟು. ಆದರೆ ಅದು ಹಿಂದಕ್ಕೆ ಹೋಗಿ ಕೊಟ್ಟ ದಿನದ ಮಾತನ್ನು ಸುಳ್ಳು ಮಾಡಲಾರದು.

ಹೊಟ್ಟು ಬಿತ್ತಿದವರ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಕಾರ್ಡಿಗಾಗಿ ಮಾತ್ರ ಮದುವೆಯಾಗುವದು ಅಲ್ಲಿ ಐದು ವರುಷದ ವರೆಗಿನ ಸೆರೆವಾಸಕ್ಕೂ ೨,೫೦,೦೦೦ ಡಾಲರಿನ ವರೆಗಿನ ದಂಡಕ್ಕೂ ಗುರಿಯಾದ ಅಪರಾಧ. ಉಂಗುರ ತೊಡಿಸುವ ಕೈ ಸುಳ್ಳಾದರೆ ದಂಡದ ಮೊತ್ತವನ್ನು ತಿಳಿಯುವ ಮೊದಲೇ ಅದರ ಹೆಸರು ನಮಗೆ ಗೊತ್ತು.

ಕಷ್ಟವಾದದ್ದು ನಡುವಿನವರ ಸಂಗತಿ. ನಿಜವಾಗಿ ಮದುವೆಯಾದಳು, ವರುಷ ತಿರುಗುವದರೊಳಗೆ ಮನಸ್ಸು ಒಡೆಯಿತು, ಈಗ ಇಬ್ಬರೂ ಬೇರೆ ಬೇರೆ ಮನೆಗಳಲ್ಲಿದ್ದಾರೆ. ಗಂಡನು, “ಕೂಡಿ ಬಾಳುತ್ತಿದ್ದೇವೆಂದು ಬರೆದುಕೊಡುತ್ತೇನೆ, ಕಾರ್ಡು ಬಂದ ಮೇಲೆ ಬಿಡುಗಡೆ ತೆಗೆದುಕೊಳ್ಳೋಣ” ಅನ್ನುತ್ತಾನೆ. ಅವನು ದಯೆಯಿಂದಲೇ ಹೇಳಿದ್ದಾನು. ಆದರೂ ಸತ್ಯವಾಗಿ ಆರಂಭವಾದ ಮದುವೆ ಆ ಸಹಿಯಿಂದ ಸುಳ್ಳಾಗಿ ಮುಗಿಯುತ್ತದೆ. ಸತ್ಯವನ್ನು ಹೇಳಿಯೇ ಒಬ್ಬಳಾಗಿ ಅರ್ಜಿ ಹಾಕುವದಕ್ಕೆ ಬಾಗಿಲು ತೆರೆದಿರುವಾಗ, ಹಿತ್ತಲ ಗೋಡೆ ಹಾರುವದೇಕೆ? ಮುರಿದದ್ದನ್ನು ಕೂಡಿಸುವೆನೆಂದು ಮನಸ್ಸಿನಿಂದ ಪ್ರಯತ್ನಿಸುತ್ತಾ ಅದೇ ಮನೆಯಲ್ಲಿ ಕಾದಿರುವವಳಾದರೋ ಬೇರೆ. ಅವಳನ್ನು ಸುಳ್ಳುಗಾರಳೆನ್ನುವದಕ್ಕೆ ನನ್ನ ನಾಲಿಗೆ ಏಳದು.

ಇನ್ನು ಹೊಡೆತ ತಿನ್ನುವವಳು. ಇವಳ ವಿಷಯದಲ್ಲಿ ತಪ್ಪು ಮಾಡುವವರು ಹೆಚ್ಚಾಗಿ ನಾವೇ. ಅರ್ಧರಾತ್ರಿಯಲ್ಲಿ ಮಗಳು ದೂರವಾಣಿಯಲ್ಲಿ ಅತ್ತರೆ ಅವ್ವನು, “ಇನ್ನೊಂದು ವರುಷ ತಡಕೋ ತಾಯೀ, ಕಾರ್ಡು ಕೈಗೆ ಬರಲಿ” ಅನ್ನುತ್ತಾಳೆ. ಅಪ್ಪನು ಮದುವೆಗೆ ಮಾಡಿದ ಸಾಲವನ್ನು ನೆನಸಿಕೊಂಡು ಸುಮ್ಮನಿರುತ್ತಾನೆ. ಗಂಡನೂ ಅದೇ ಕಾರ್ಡನ್ನು ಹಗ್ಗವಾಗಿ ಹಿಡಿದು, “ಬಾಯಿ ಬಿಟ್ಟರೆ ಊರಿಗೆ ಅಟ್ಟಿಸುವೆನು” ಎಂದು ಹೆದರಿಸುತ್ತಾನೆ. ಹೀಗೆ ಹೆತ್ತವರೂ ಹೊಡೆಯುವವನೂ ಒಂದೇ ಹಗ್ಗದ ಎರಡು ತುದಿಗಳನ್ನು ಹಿಡಿದವರಾಗುತ್ತಾರೆ. ಈ ಹಗ್ಗವನ್ನು ಕತ್ತರಿಸುವದಕ್ಕಾಗಿಯೇ ಆ ದೇಶವು ೧೯೯೦ರಲ್ಲಿ ಕಾನೂನನ್ನು ತಿದ್ದಿತು. ನಿಜವಾದ ಮನಸ್ಸಿನಿಂದ ಮದುವೆಯಾಗಿ ಹಿಂಸೆಗೊಳಗಾದವಳು ಗಂಡನ ಸಹಿಯಿಲ್ಲದೆಯೂ, ವಿಚ್ಛೇದನಕ್ಕೆ ಕಾಯದೆಯೂ, ಷರತ್ತು ತೆಗೆಯುವಂತೆ ಕೇಳಬಹುದಾಯಿತು. ಷರತ್ತಿನ ಕಾರ್ಡೂ ಇನ್ನೂ ದೊರೆಯದವಳಿಗೆ ೧೯೯೪ರ ಮತ್ತೊಂದು ಕಾಯಿದೆಯು ತಾನೇ ಅರ್ಜಿ ಹಾಕುವ ದಾರಿಯನ್ನು ಕೊಟ್ಟಿತು. ವಿಚ್ಛೇದನವಾದ ಎರಡು ವರುಷದೊಳಗೂ, ಆ ವಿಚ್ಛೇದನಕ್ಕೂ ಹಿಂಸೆಗೂ ಸಂಬಂಧವಿದ್ದರೆ, ಅದು ಸಾಧ್ಯ. ಇಂಗ್ಲೆಂಡಿನ ಸರಕಾರವೂ ೨೦೦೨ರಲ್ಲಿ ಹಿಂಸೆಗೊಳಗಾದವರಿಗಾಗಿ ಇಂಥ ನಿಯಮವನ್ನು ಮಾಡಿತು. ಆದರೆ ಅಲ್ಲಿ ೨೦೧೨ರಿಂದ ಗಂಡನ ಮೂಲಕ ಹೋದವಳು ನೆಲೆಯ ಹಕ್ಕಿಗೆ ಐದು ವರುಷ ಕಾಯಬೇಕು. ಹಿಂಸೆಯಿಲ್ಲದೆ ಬರೀ ಮನಸ್ತಾಪದಿಂದ ಮುರಿದ ಮದುವೆಗೆ ಅಮೇರಿಕದಲ್ಲಿರುವಷ್ಟು ಎಡೆ ಅಲ್ಲಿ ಇಲ್ಲ. ದೇಶಕ್ಕೊಂದು ನಿಯಮವಾದ್ದರಿಂದ, ಒಬ್ಬರ ಮಗಳಿಗೆ ಆದದ್ದು ಮತ್ತೊಬ್ಬರ ಮಗಳಿಗೂ ಆಗುವದೆಂದು ಕಟ್ಟೆಯ ಮೇಲೆ ಭರವಸೆ ಕೊಡಬಾರದು.

ಗಂಡನ ಮೂಲಕ ಸಿಕ್ಕಿದ್ದು ಗಂಡನದೇ ಎನ್ನುವವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಅಮೇರಿಕದ ಪ್ರಜೆಯು ಹೆಂಡತಿಯನ್ನು ಕರೆಸಿಕೊಳ್ಳುವಾಗ ಸರಕಾರಕ್ಕೆ ಒಂದು ಹೊಣೆಪತ್ರವನ್ನು ಬರೆದುಕೊಡಬೇಕು. ೧೯೯೬ರ ಕಾಯಿದೆಯ ಪ್ರಕಾರ, ಸರಕಾರವು ಗೊತ್ತುಮಾಡಿದ ಬಡತನದ ಮಟ್ಟಕ್ಕೆ ನೂರಕ್ಕೆ ೧೨೫ರಷ್ಟು ಆದಾಯದಲ್ಲಿ ಅವಳನ್ನು ಪೋಷಿಸುವೆನೆಂಬ ಆ ಹೊಣೆಯು, ಅವಳು ಪ್ರಜೆಯಾಗುವ ತನಕ, ಇಲ್ಲವೆ ೪೦ ತ್ರೈಮಾಸಿಕಗಳ, ಅಂದರೆ ಸುಮಾರು ಹತ್ತು ವರುಷಗಳ, ದುಡಿಮೆ ಅವಳ ಲೆಕ್ಕಕ್ಕೆ ಸೇರುವ ತನಕ, ಇಲ್ಲವೆ ಅವಳು ವಾಸವನ್ನು ಬಿಟ್ಟು ಹೊರಡುವ ಅಥವಾ ಸಾಯುವ ತನಕ ಇರುತ್ತದೆ. ವಿಚ್ಛೇದನದಿಂದ ಅದು ತೀರುವದಿಲ್ಲ. ಮದುವೆಯ ಆಣೆಯು ಮುರಿದುಬಿದ್ದ ಮೇಲೂ ಒಂದು ಸರಕಾರೀ ಕಾಗದ ನಿಂತಿರುವದು ವಿಚಿತ್ರವೇ. ಆದರೂ ಅದರಲ್ಲಿ ನ್ಯಾಯವುಂಟು. ಊರು, ಭಾಷೆ, ಕೆಲಸ, ನೆಂಟರು, ಇವೆಲ್ಲವನ್ನೂ ಬಿಟ್ಟು ಒಬ್ಬನ ಮಾತಿನ ಮೇಲೆ ಬಂದವಳ ನಷ್ಟವು ತೀರ್ಪಿನ ದಿನದಲ್ಲಿ ಮುಗಿಯುವದಿಲ್ಲ. ಅಬ್ರಹಾಮನು ಹಾಗರಳನ್ನು ಕಳುಹಿಸಿದಾಗ ಅವಳ ಹೆಗಲ ಮೇಲಿದ್ದದ್ದು ರೊಟ್ಟಿಯೂ ಒಂದು ತಿತ್ತಿ ನೀರೂ. ಬೇರ್ಷೆಬದ ಅಡವಿಯಲ್ಲಿ ಆ ನೀರು ಎಷ್ಟು ಹೊತ್ತು ಬಂತೆಂಬದನ್ನು ನಾವೆಲ್ಲರೂ ಓದಿದ್ದೇವೆ.

ಒಂದು ಎಚ್ಚರಿಕೆ. ಅಲ್ಲಿಯ ವಿಚ್ಛೇದನದ ತೀರ್ಪು ಅಲ್ಲಿಯ ಕಾರ್ಡಿಗೆ ಸಾಕಾದರೂ, ಇಲ್ಲಿ ಹಾಗೆಯೇ ಸಲ್ಲುವದೆಂದು ನೆನಸಬಾರದು. ತಿರುಪತಿಯಲ್ಲಿ ಮದುವೆಯಾದವನೊಬ್ಬನು ಅಮೇರಿಕದ ಮಿಸೌರಿಯಲ್ಲಿ ತಂದ ತೀರ್ಪನ್ನು ನಮ್ಮ ಸುಪ್ರೀಮ್ ಕೋರ್ಟು ೧೯೯೧ರಲ್ಲಿ ಒಪ್ಪಲಿಲ್ಲ. ಇಲ್ಲಿ ಮರುಮದುವೆಯ ಮಾತು ಬಂದರೆ ಮೊದಲು ವಕೀಲರನ್ನು ವಿಚಾರಿಸತಕ್ಕದ್ದು.

ಇಷ್ಟೆಲ್ಲಾ ನಮ್ಮ ಮಗಳ ಪರವಾಗಿ ಹೇಳಿದ್ದಾಯಿತು. ಈಗ ತಕ್ಕಡಿಯನ್ನು ತಿರುಗಿಸಿ ಹಿಡಿಯೋಣ. ನಮ್ಮ ಹುಡುಗನೇ ಪರದೇಶದ ಹೆಣ್ಣನ್ನು ಮದುವೆಯಾಗಿ ಹರಿಹರಕ್ಕೆ ಕರಕೊಂಡು ಬಂದನೆನ್ನಿರಿ. ಅವಳು ಸೀರೆ ಉಡುವದನ್ನು ಕಲಿತಳು, ರೊಟ್ಟಿ ಬಡಿಯುವದನ್ನು ಕಲಿತಳು, ನಮ್ಮ ಕೀರ್ತನೆಗಳನ್ನು ತಪ್ಪು ಉಚ್ಚಾರದಲ್ಲಿಯಾದರೂ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಮದುವೆ ನೋಂದಣಿಯಾಗಿ ಎರಡು ವರುಷ ಎಡೆಬಿಡದೆ ನಡೆದಿದ್ದರೆ ನಮ್ಮ ಸರಕಾರವು ಅಂಥವಳಿಗೆ ಒ.ಸಿ.ಐ. ಕಾರ್ಡನ್ನು ಕೊಡಬಹುದು. ಆದರೆ ೨೦೧೫ರಲ್ಲಿ ಪೌರತ್ವದ ಕಾಯಿದೆಗೆ ಸೇರಿಸಿದ ವಿಧಿಯ ಪ್ರಕಾರ, ಆ ಮದುವೆಯು ವಿಚ್ಛೇದನದಿಂದ ಮುರಿದರೆ ಕಾರ್ಡನ್ನು ರದ್ದುಮಾಡುವ ಅಧಿಕಾರ ಸರಕಾರಕ್ಕುಂಟು. ರದ್ದುಮಾಡುವ ಮೊದಲು ಅವಳ ಮಾತನ್ನು ಕೇಳಬೇಕೆಂದು ೨೦೧೯ರಲ್ಲಿ ಕೂಡಿಸಲ್ಪಟ್ಟಿತು. ಆದರೂ, ನಿಜವಾದ ಮನಸ್ಸಿನಿಂದ ಮದುವೆಯಾದೆಯೋ ಎಂಬ ಪ್ರಶ್ನೆಗೆ ಅಲ್ಲಿರುವ ಬೆಲೆ ಇಲ್ಲಿಯ ವಿಧಿಯಲ್ಲಿ ಬರೆಯಲ್ಪಟ್ಟಿಲ್ಲ. ಹದಿನೈದು ವರುಷ ನಮ್ಮ ನೀರು ಕುಡಿದವಳಾದರೂ ಸರಿಯೇ.

ಕಾಯಿದೆಯನ್ನು ಮಾಡಿದವರಿಗೂ ಒಂದು ಕಾರಣವುಂಟು. ಮದುವೆಗಾಗಿ ಕೊಟ್ಟ ಸೌಕರ್ಯವು ಮದುವೆಯೊಂದಿಗೆ ತೀರಬೇಕೆಂಬದು. ಆ ಮಾತನ್ನು ನಾನು ತಳ್ಳಿಹಾಕಲಾರೆನು. ದೇಶದ ಬಾಗಿಲನ್ನು ಕಾಯುವದು ದೊರೆತನದ ಕೆಲಸ. ಆದರೆ ಅಮೇರಿಕದವರು ನಮ್ಮ ಮಗಳನ್ನು ಇದೇ ನಿಯಮದಿಂದ ಅಳೆದರೆ ನಾವು ಅದನ್ನು ಕ್ರೂರತನವೆನ್ನುತ್ತೇವೆ. ಹರಿಹರದ ಆ ಸೊಸೆಯನ್ನು ಅಳೆದಾಗ, “ಅವಳು ಹೊರಗಿನವಳಲ್ಲವೇ” ಅನ್ನುತ್ತೇವೆ. ರೂತಳು ಮೋವಾಬದವಳು. ಅವಳ ಗಂಡನು ಸತ್ತಿದ್ದನೇ ಹೊರತು ಬಿಟ್ಟಿರಲಿಲ್ಲ, ಇದು ಮರೆಯತಕ್ಕ ಭೇದವಲ್ಲ. ಆದರೂ ಮದುವೆಯ ಕಟ್ಟು ತೀರಿದ ಮೇಲೆಯೇ ಅವಳು ಬೇತ್ಲೆಹೇಮಿಗೆ ಬಂದು ನಿಂತಳು, ಊರಿನವರು ಹಕ್ಕಲಾಯುವದಕ್ಕೆ ಎಡೆಕೊಟ್ಟರು. ಎಜ್ರನ ಕಾಲದಲ್ಲಿಯಾದರೋ ಅನ್ಯದೇಶದ ಹೆಂಡತಿಯರನ್ನು ಕಳುಹಿಸಿಬಿಡಬೇಕೆಂದು ಗೊತ್ತಾಯಿತು. ಕಳುಹಿಸಲು ಒಪ್ಪಿದ ಗಂಡಸರ ಹೆಸರುಗಳು ಪಟ್ಟಿಯಾಗಿ ಬರೆಯಲ್ಪಟ್ಟಿವೆ. ಆ ಹೆಂಗಸರು ಎಲ್ಲಿಗೆ ಹೋದರೆಂಬದು ಬರೆಯಲ್ಪಟ್ಟಿಲ್ಲ. ಈ ಎರಡು ಅಧ್ಯಾಯಗಳನ್ನೂ ಒಂದೇ ಸಂಜೆಯಲ್ಲಿ ಓದಿ, ಹರಿಹರದ ಸೊಸೆಗೆ ನಮ್ಮ ಬಾಯಿಂದ ಯಾವ ಮಾತು ಹೊರಡುವದೆಂದು ಪ್ರತಿಯೊಬ್ಬನು ವಿಚಾರಿಸಿಕೊಳ್ಳಲಿ.

ಕಡೆಗೆ, ಸಭೆಯವರಿಗೆ ತಾಗುವ ಒಂದು ಕೆಲಸದ ಮಾತು. ಇಂಥ ಅರ್ಜಿ ಹಾಕುವ ಮಗಳು ಊರಿನ ಹಿರಿಯರಿಗೆ, ತಮ್ಮಿಬ್ಬರನ್ನು ಬಲ್ಲವರು ಸಾಕ್ಷಿ ಬರೆದುಕೊಡಬೇಕೆಂದು ಹೇಳಿಕಳುಹಿಸಬಹುದು. ಆಗ ಒಬ್ಬನು ಊರಿಗೆ ಅವಮಾನವೆಂದು ಬರೆಯಲೊಲ್ಲದೆ ಹೋಗುತ್ತಾನೆ. ಮತ್ತೊಬ್ಬನು ನೋಡದಿದ್ದದ್ದನ್ನೂ ನೋಡಿದೆನೆಂದು ಬರೆಯುತ್ತಾನೆ. ಇಬ್ಬರೂ ಅವಳಿಗೆ ಕೇಡನ್ನೇ ಮಾಡುತ್ತಾರೆ. ಬರೆಯುವವನು ತನ್ನ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಸ್ಥಳ, ಗಂಡಹೆಂಡಿರಿಗೂ ತನಗೂ ಇರುವ ಸಂಬಂಧ ಇವುಗಳನ್ನು ತಿಳಿಸಿ, ತಾನೇ ಕಣ್ಣಾರೆ ಕಂಡದ್ದನ್ನು, ಕಂಡದ್ದು ಹೇಗೆಂಬದನ್ನು, ಪ್ರಮಾಣಪೂರ್ವಕವಾಗಿ ಬರೆಯಬೇಕು. ಇಬ್ಬರೂ ರಜೆಯಲ್ಲಿ ಬಂದು ಮನೆಯಲ್ಲಿ ಎಷ್ಟು ದಿನ ಇಳಿದಿದ್ದರು, ಯಾರ ಮದುವೆಗೆ ಕೂಡಿ ಬಂದರು, ಅತ್ತೆಯ ಕಾಯಿಲೆಯಲ್ಲಿ ಯಾರು ಪಕ್ಕದಲ್ಲಿ ಕೂತರು, ಇಂಥ ಸಣ್ಣ ಸಂಗತಿಗಳು ದಿನಾಂಕದೊಂದಿಗೆ ಇರಲಿ. ಹುಡುಗಿಯ ಗುಣದ ಹೊಗಳಿಕೆಯಿಂದ ಪ್ರಯೋಜನ ಕಡಿಮೆ. ಬರೀ ಪ್ರಮಾಣಪತ್ರಗಳಿಂದಲೇ ಅರ್ಜಿ ಗೆಲ್ಲುವದಿಲ್ಲವಾದ್ದರಿಂದ ಬೇರೆ ಕಾಗದಗಳೂ ಇರಬೇಕು. ಮದುವೆಯ ದಾಖಲೆಯ ನಕಲನ್ನು ಕೇಳಿದರೆ ತಡಮಾಡದೆ ಕೊಡತಕ್ಕದ್ದು. ಕನ್ನಡದಲ್ಲಿ ಬರೆದರೂ ಆಗುವದು. ಪೂರ್ಣವಾದ ಇಂಗ್ಲಿಷ್ ಭಾಷಾಂತರವನ್ನೂ, ಭಾಷಾಂತರವು ಸರಿಯಾಗಿದೆಯೆಂದು ಅದನ್ನು ಮಾಡಿದವನು ಸಹಿ ಹಾಕಿದ ಹೇಳಿಕೆಯನ್ನೂ ಜೊತೆಯಲ್ಲಿ ಇಡಬೇಕು.