ಸಂಸಾರ: ಬಿಡುವವರದು, ಹೂಡುವವರದು

ಮದುವೆಯಾಗಿ ಬೇರೆ ಮನೆ ಮಾಡಿದವರು ಸಂಸಾರ ಹೂಡುತ್ತಾರೆ. ಸಂಬಳ ಸಾಲದವರು ಹೇಗೋ ಸಂಸಾರ ತೂಗಿಸುತ್ತಾರೆ. ವಿರಕ್ತರು ಅದನ್ನೇ ಬಿಟ್ಟು ಹೊರಡುತ್ತಾರೆ. ಮೂರೂ ನಮಗೆ ದಿನಬಳಕೆಯ ಮಾತು. ಆದರೆ ವಿರಕ್ತರ ಕಣ್ಣು ಇರುವುದು ಮನೆಮಂದಿಗಿಂತ ದೊಡ್ಡದೊಂದರ ಮೇಲೆ: ಹುಟ್ಟು, ಸಾವು, ಮತ್ತೆ ಹುಟ್ಟು ಎಂಬ ಮುಗಿಯದ ಸರಣಿಯ ಮೇಲೆ.

ಸಂಸ್ಕೃತದ ‘ಸೃ’ ಧಾತುವಿಗೆ ಹರಿ, ಸಾಗು ಎಂಬರ್ಥ. ‘ಸಂ’ ಸೇರಿದಾಗ ಒಂದೇ ಸಮನೆ ಸಾಗುತ್ತಿರುವುದು. ಕಠೋಪನಿಷತ್ತು ಶರೀರವನ್ನು ರಥವೆಂದು ವರ್ಣಿಸುವಲ್ಲಿ ಈ ಪದ ಬರುತ್ತದೆ. ವಿವೇಕವಿಲ್ಲದವನು ಪರಮಪದ ಮುಟ್ಟುವುದಿಲ್ಲ, ಸಂಸಾರಕ್ಕೇ ಬೀಳುತ್ತಾನೆ. ಅಲ್ಲಿ ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲ.

ಈ ಸುತ್ತಾಟಕ್ಕೆ ಮೊದಲಿಲ್ಲ ಎಂಬಲ್ಲಿ ಜೈನ, ಬೌದ್ಧ, ವೇದಾಂತಿ ಎಲ್ಲರೂ ಒಂದೇ. ಜಗಳ ಇರುವುದು ಸುತ್ತುವವರು ಯಾರು, ಸುತ್ತಾಟ ಎಲ್ಲರಿಗೂ ಮುಗಿಯುತ್ತದೆಯೇ ಎಂಬಲ್ಲಿ. ಜೈನರ ಉತ್ತರ ನೇರ: ಸುತ್ತುವುದು ಜೀವ, ಸುತ್ತಿಸುವುದು ಅದಕ್ಕೆ ಅಂಟಿದ ಕರ್ಮ. ಅವರಲ್ಲಿ ಕರ್ಮವೆಂದರೆ ಸೂಕ್ಷ್ಮ ದ್ರವ್ಯವೇ. ಶ್ವೇತಾಂಬರ ಬಸದಿಗಳಲ್ಲಿ ಭಕ್ತರು ಮಣೆಯ ಮೇಲೆ ಅಕ್ಕಿಯಿಂದ ಸ್ವಸ್ತಿಕ ಬಿಡಿಸುತ್ತಾರಲ್ಲ, ಅದರ ನಾಲ್ಕು ಕೈಗಳು ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಸಸ್ಯ), ನರಕ ಎಂಬ ನಾಲ್ಕು ಗತಿಗಳು. ಮೇಲಿನ ಮೂರು ಅಕ್ಕಿಗುಂಪುಗಳು ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರವೆಂಬ ರತ್ನತ್ರಯ, ಅವುಗಳ ಮೇಲಿನ ಅರ್ಧಚಂದ್ರ ಮುಕ್ತರ ನೆಲೆ. ಇಡೀ ಸಂಸಾರತತ್ತ್ವ ಒಂದು ಹಿಡಿ ಅಕ್ಕಿಯಲ್ಲಿ ಮುಗಿಯುತ್ತದೆ.

ಬೌದ್ಧರಿಗೆ ಕಷ್ಟ ಹೆಚ್ಚು. ನಿತ್ಯವಾದ ಆತ್ಮವೇ ಇಲ್ಲವೆಂದ ಮೇಲೆ ಹುಟ್ಟಿ ಬರುವವರಾದರೂ ಯಾರು? ‘ಮಿಲಿಂದ ಪಞ್ಹ’ದಲ್ಲಿ ಯವನ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಈ ವಿಷಯದಲ್ಲೇ ಪಟ್ಟುಹಿಡಿದು ಕೇಳುತ್ತಾನೆ. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದರೆ ಮೊದಲನೆಯದು ಎದ್ದು ಎರಡನೆಯದಕ್ಕೆ ದಾಟಿತೇ ಎಂದು ಭಿಕ್ಷು ಮರುಪ್ರಶ್ನೆ ಹಾಕುತ್ತಾನೆ. ಜಾಣ ಉತ್ತರ. ಆಮೇಲೆ ಬೌದ್ಧ ದಾರ್ಶನಿಕ ನಾಗಾರ್ಜುನ ಇನ್ನೂ ಮುಂದೆ ಹೋಗಿ, ಸಂಸಾರಕ್ಕೂ ನಿರ್ವಾಣಕ್ಕೂ ಎಳ್ಳಷ್ಟೂ ಅಂತರವಿಲ್ಲ ಎಂದುಬಿಟ್ಟ. ಬಿಟ್ಟು ಓಡಲು ಜಾಗವನ್ನೇ ಉಳಿಸಲಿಲ್ಲ ಆಸಾಮಿ.

ಶಂಕರರ ಪ್ರಕಾರ ಸಂಸಾರ ಅವಿದ್ಯೆಯ ಕಾರ್ಯ. ಜ್ಞಾನ ಬಂದರೆ ಕರಗುತ್ತದೆ. ಮಧ್ವರು ಇದನ್ನು ಒಪ್ಪಲಿಲ್ಲ. ಬಂಧನ ನಿಜವಾದದ್ದು, ಬರೀ ತಿಳಿವಳಿಕೆಯಿಂದ ಬಿಚ್ಚುವಂಥದ್ದಲ್ಲ, ಹರಿಯ ಪ್ರಸಾದ ಬೇಕೇ ಬೇಕು ಎಂದರು. ಅಷ್ಟೇ ಅಲ್ಲ, ಜೀವರಲ್ಲಿ ‘ನಿತ್ಯಸಂಸಾರಿ’ ಎಂಬ ಒಂದು ವರ್ಗವನ್ನೇ ಹೇಳಿದರು: ಇವರು ಎಂದೆಂದಿಗೂ ಸುಖದುಃಖಗಳ ನಡುವೆ ತಿರುಗುತ್ತಿರಬೇಕಾದವರು. ಜೈನರಲ್ಲೂ ಎಂದೂ ಮೋಕ್ಷ ಕಾಣದ ‘ಅಭವ್ಯ’ ಜೀವರಿದ್ದಾರೆ. ಕೇಳಲು ಕಠೋರ, ಆದರೆ ಪ್ರಾಮಾಣಿಕ. ಎಲ್ಲರಿಗೂ ಬಿಡುಗಡೆ ಎಂದು ಭರವಸೆ ಕೊಡುವುದಕ್ಕಿಂತ ಹೀಗೆನ್ನಲು ಹೆಚ್ಚು ಧೈರ್ಯ ಬೇಕು.

ಹಾಗಾದರೆ ಇಷ್ಟು ದೊಡ್ಡ ಚಕ್ರ ಅಡುಗೆಮನೆಗೆ ಹೇಗೆ ಬಂತು? ನನ್ನ ಊಹೆ ಇದು. ಸಂನ್ಯಾಸಿಗಳು ಮನೆಯನ್ನು ತೋರಿಸಿ, ಹುಟ್ಟು ಮುಂದುವರಿಯುವುದು ಇಲ್ಲೇ, ಮಮತೆ ಬೆಳೆಯುವುದೂ ಇಲ್ಲೇ ಎಂದು ಎಚ್ಚರಿಸುತ್ತ ಬಂದರು. ಗೃಹಸ್ಥರು ಆ ಪದವನ್ನು ತೆಗೆದುಕೊಂಡು ಬೈಗುಳವನ್ನು ಮಾತ್ರ ಅಲ್ಲೇ ಬಿಟ್ಟರು. ಇದನ್ನು ಅರ್ಥದ ಕುಸಿತ ಎಂದು ಮೂಗು ಮುರಿಯುವವರಿದ್ದಾರೆ. ನನಗದು ಮನೆಮಂದಿ ಕೊಟ್ಟ ಮಾರುತ್ತರದಂತೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣರನ್ನೇ ನೋಡಿ. ವಚನಗಳಲ್ಲಿ ಸಂಸಾರವನ್ನು ಕಟುವಾಗಿ ದೂರಿದವರಲ್ಲೂ ಅನೇಕರು ಹೆಂಡತಿ, ಮನೆ, ಕಾಯಕ ಇಟ್ಟುಕೊಂಡೇ ಬಾಳಿದರು.

ಗಡಿ ದಾಟಿದರೆ ಪದದ ವೇಷ ಮತ್ತೆ ಬದಲು. ಹಿಂದಿಯಲ್ಲಿ ಸಂಸಾರವೆಂದರೆ ಲೋಕ. ತಮಿಳರ ಆಡುಮಾತಿನಲ್ಲಿ ಹೆಂಡತಿ. ಮಲಯಾಳಿಗಳಿಗೆ ಬರೀ ಮಾತುಕತೆ. ಕಾಸರಗೋಡಿನ ಕನ್ನಡಿಗರು ಮನೆವಾರ್ತೆ, ಮಾತುಕತೆ ಎಂಬ ಎರಡೂ ಅರ್ಥಗಳನ್ನು ಒಂದೇ ಪೇಟೆಯಲ್ಲಿ ಕೇಳುತ್ತಾರೆ. ಮಲಯ್ ಭಾಷೆಯ ‘ಸೆಂಗ್ಸಾರ’ ಎಂದರೆ ಯಾತನೆ. ಥಾಯ್ ಜನರ ‘ಸೊಂಗ್ಸಾನ್’ ಎಂದರೆ ಅಯ್ಯೋ ಪಾಪ ಅನ್ನಿಸುವುದು. ಕಾಂಬೋಡಿಯದ ಖ್ಮೇರ್ ಭಾಷೆಯಲ್ಲಂತೂ ಇದೇ ಪದ ಪ್ರಿಯಕರ ಅಥವಾ ಪ್ರೇಯಸಿಗೆ ಸಲ್ಲುತ್ತದೆ, ಅದೂ ಥೇರವಾದ ಭಿಕ್ಷುಗಳು ದಿನಬೆಳಗಾದರೆ ಭಿಕ್ಷೆಗೆ ಹೊರಡುವ ದೇಶದಲ್ಲಿ.